ಬೇರೆ ತಟ್ಟೆಯ ಮೊಟ್ಟೆ

ಹೋದ ಭಾನುವಾರ ನನ್ನ ಮೊಮ್ಮಗಳು ಒಂದು ಚಾಕಲೇಟಿನ ಮೊಟ್ಟೆಯ ಬೆಳ್ಳಿ ಕಾಗದ ಬಿಚ್ಚಿದಳು. ಈಸ್ಟರ್ ಹಬ್ಬಕ್ಕೆ ಮಾರುವ ಮೊಟ್ಟೆ. ನಾವು ಆ ಹಬ್ಬ ಮಾಡುವವರಲ್ಲ. ಆದರೆ ಡಬ್ಬಿಯ ಮೇಲೆ ಗೋಧಿ ಸೇರಿಲ್ಲ ಎಂದು ಬರೆದಿತ್ತಂತೆ, ಅದಕ್ಕೇ ನನ್ನ ಮಗಳು ಇಂದಿರಾನಗರದ ಅಂಗಡಿಯಿಂದ ತಂದಿದ್ದಳು. ಮುರಿದರೆ ಒಳಗೆಲ್ಲ ಸಣ್ಣ ಸಣ್ಣ ತೂತು, ಸೆಟ್ ದೋಸೆಯ ಮೈಯ ಹಾಗೆ. ಬಾಯಿಗಿಟ್ಟರೆ ಗಾಳಿ ತಿಂದ ಹಾಗೆ ಕರಗಿಹೋಗುತ್ತದೆ. ನಡುವೆ ತಿಳಿಹಸಿರು ಕೆನೆ. ಆ ಕೆನೆಯಿಂದ ಪೆಪ್ಪರ್‌ಮಿಂಟಿನ ವಾಸನೆ ಬಂತು ನೋಡಿ... ನನ್ನ ಕೈ ಅಲ್ಲೇ ನಿಂತಿತು.

ಮೊದಲು ಖುಷಿಯನ್ನು ಹೇಳಿಬಿಡುತ್ತೇನೆ, ಅದು ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ. ನನ್ನ ಮೊಮ್ಮಗಳಿಗೆ ನಾಲ್ಕು ವರ್ಷ. ಒಂದು ವರ್ಷದ ಹಿಂದೆ ಅವಳನ್ನು ಎತ್ತಿಕೊಂಡರೆ ಒಗೆದ ಬಟ್ಟೆ ಎತ್ತಿಕೊಂಡ ಹಾಗಿತ್ತು. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಗುಡಾಣ, ದಿನಕ್ಕೆ ಐದಾರು ಸಲ ಭೇದಿ. ಈಗ ಹೋದ ದೀಪಾವಳಿಯ ಲಂಗ ಮೊಣಕಾಲಿಗೆ ಬಂದಿದೆ. ಮೆಟ್ಟಿಲು ಹತ್ತಿ ಓಡುತ್ತಾಳೆ, ನಾನು ಹಿಂದೆ ಓಡಿ ಸೋಲುತ್ತೇನೆ. ಸೋತು ಕೂತು ಒಬ್ಬಳೇ ನಗುತ್ತೇನೆ. ಈ ಮುದುಕಿಗೆ ಇದಕ್ಕಿಂತ ಏನು ಬೇಕು? ಗೋಧಿ ನಿಲ್ಲಿಸಿದ್ದು ಬಿಟ್ಟರೆ ನಾವು ಇನ್ನೇನೂ ಮಾಡಲಿಲ್ಲ. ಅಷ್ಟೇ ಸಾಕಾಯಿತು.

ಅಷ್ಟೇ ಸಾಕಾಯಿತಲ್ಲ, ಅದಕ್ಕೇ ನನಗೆ ಸಿಟ್ಟು. ಈ ಮಾತನ್ನು ನನಗೆ ಇಪ್ಪತ್ತೈದು ವರ್ಷದ ಹಿಂದೆಯೇ ಒಬ್ಬರು ಹೇಳಿದ್ದರು. ನಾನು ಕೇಳಲಿಲ್ಲ.

ನಾನು ಓದಿದ್ದು ನಾಲ್ಕನೇ ಕ್ಲಾಸು, ಬರೆಯುವುದರಲ್ಲಿ ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಿ. ತೊಂಬತ್ತರ ಆಚೀಚೆ ನಾವು ಕಲಬುರಗಿ ಕಡೆಯಿಂದ ಬೆಂಗಳೂರಿಗೆ ಬಂದೆವು. ಗಂಡ ಕಟ್ಟಡಗಳಿಗೆ ಹಲಗೆ ಕಟ್ಟುವ ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಿದ್ದ. ಹಲಸೂರಿನ ಒಂದು ಓಣಿಯಲ್ಲಿ ಸಾಲಾಗಿ ಐದು ಬಾಡಿಗೆ ಕೋಣೆ, ಅದರಲ್ಲಿ ಕೊನೆಯದು ನಮ್ಮದು. ಮುಂದಿನ ಹೆಂಚಿನ ಮನೆಯಲ್ಲಿ ಓನರಮ್ಮ ಇದ್ದರು. ತಮಿಳು ಕ್ರಿಶ್ಚಿಯನ್ನರು, ಗಂಡ ತೀರಿಕೊಂಡಿದ್ದರು, ಒಬ್ಬಳು ಮಗಳು ಮದುವೆಯಾಗಿ ದೂರದೇಶಕ್ಕೆ ಹೋಗಿದ್ದಳು. ಮೈಮೇಲೆ ಯಾವಾಗಲೂ ಹೂವಿನ ನೈಟಿ, ಹೆಗಲ ಮೇಲೆ ಒಂದು ಟವೆಲು. ಮನೆಯಲ್ಲೇ ಕೇಕು, ಬನ್ನು ಮಾಡಿ ಕೊಡುವುದು ಅವರ ಕಸುಬು. ಅವರದು ಕತ್ತರಿಯ ಬಾಯಿ. ಒಂದು ಮಾತಿಗೆ ಎರಡನೇ ಮಾತು ಸೇರಿಸಿ ಬಿಡಿಸಿ ಹೇಳುವ ಅಭ್ಯಾಸವೇ ಇರಲಿಲ್ಲ.

ಈಸ್ಟರ್ ಬಂತೆಂದರೆ ಅವರ ಅಡುಗೆಮನೆಗೆ ಕೋಣೆಗಳ ಹೆಂಗಸರೆಲ್ಲ ಹೋಗಬೇಕು. ಗೋಡಂಬಿ ನೆನೆಸಿ ರುಬ್ಬಿ, ಸಕ್ಕರೆ ಪುಡಿ ಹಾಕಿ ಕಲಸಿ, ಮರದ ಅಚ್ಚಿಗೆ ಒತ್ತಿ, ಎರಡು ಅರ್ಧ ಕೂಡಿಸಿದರೆ ಒಂದು ಮೊಟ್ಟೆ. ಕೆಲವಕ್ಕೆ ಮೇಲೆ ಚಾಕಲೇಟು, ಒಳಗೆ ಪೆಪ್ಪರ್‌ಮಿಂಟ್ ಎಣ್ಣೆ ಬಿಟ್ಟ ಹಸಿರು ಕೆನೆ. ಆಮೇಲೆ ಓನರಮ್ಮ ಕಾಗದದ ಕೊಟ್ಟೆಯಲ್ಲಿ ನುಣ್ಣಗೆ ಕಲಸಿದ ಬಿಳಿ ಸಕ್ಕರೆ ತುಂಬಿ, ತುದಿಯಿಂದ ಒತ್ತುತ್ತ ಒಂದೊಂದರ ಮೇಲೂ ಮಕ್ಕಳ ಹೆಸರು ಬರೆಯುವರು. ಆರ್ಡರಿನ ಮೊಟ್ಟೆ ಮುಗಿದ ಮೇಲೆ ಕೋಣೆಗಳ ಮಕ್ಕಳಿಗೂ ತಪ್ಪದೆ ಒಂದೊಂದು, ಹೆಸರು ಬರೆದು. ಯಾವ ದೇವರ ಮಕ್ಕಳೆಂದು ಅವರು ಕೇಳಿದ್ದಿಲ್ಲ. ಎರಡನೇ ಕೋಣೆಯ ಹುಡುಗನದು ಭಾರಿ ಉದ್ದದ ಹೆಸರು.

“ಏನೋ, ನಿಮ್ಮಪ್ಪ ಹೆಸರಿಡ್ತಾ ಇಡ್ತಾ ನಿದ್ದೆ ಹೋಗ್ಬಿಟ್ನಾ? ಇದಕ್ಕೆ ಕೋಳಿ ಮೊಟ್ಟೆ ಸಾಕಾಗಲ್ಲ, ಒಂಟೆ ಮೊಟ್ಟೆ ಬೇಕು.”

“ಒಂಟೆ ಮೊಟ್ಟೆ ಇಡಲ್ಲ ಆಂಟಿ.”

“ನಿನ್ ಹೆಸರು ಕೇಳಿದ್ರೆ ಭಯಕ್ಕೆ ಇಟ್ಬಿಡುತ್ತೆ, ಹೋಗು.”

ಆಗ ನನ್ನ ಮಗಳಿಗೆ ಐದು ವರ್ಷ. ಊರಲ್ಲಿದ್ದಾಗ ಗುಂಡಗಿದ್ದವಳು ಬೆಂಗಳೂರಿಗೆ ಬಂದು ವರ್ಷದೊಳಗೆ ಸೊರಗಿಬಿಟ್ಟಿದ್ದಳು. ನಮ್ಮೂರಲ್ಲಿ ಗೋಧಿ ಎಂದರೆ ಹಬ್ಬ, ದಿನವೂ ಜೋಳದ ರೊಟ್ಟಿ. ಇಲ್ಲಿ ಬಂದ ಮೇಲೆ ನಾನೇ ಹಟ ಹಿಡಿದು ರೊಟ್ಟಿ ಬಿಡಿಸಿದ್ದೆ. ಬೆಳಿಗ್ಗೆ ಚಹಾಕ್ಕೆ ಬನ್ನು, ರಾತ್ರಿ ಚಪಾತಿ. ಪಟ್ಟಣದ ಮಕ್ಕಳು ತಿನ್ನುವುದನ್ನು ನನ್ನ ಮಗಳೂ ತಿನ್ನಲಿ ಎಂಬ ಹೆಮ್ಮೆ. ಡಾಕ್ಟರರ ಹತ್ತಿರ ಹೋದರೆ ಜಂತುಹುಳು ಎಂದು ಔಷಧಿ, ಕೆಂಪು ಟಾನಿಕ್ಕು. ಮತ್ತೆ ಹೋದರೆ ಮತ್ತೆ ಜಂತುಹುಳು.

ಒಂದು ಬೆಳಿಗ್ಗೆ ನಲ್ಲಿಯ ಹತ್ತಿರ, ಐದೂ ಕೋಣೆಯ ಹೆಂಗಸರ ಎದುರಿಗೆ, ಓನರಮ್ಮ ಅಂದರು:

“ಏನ್ಮಾ, ಆ ಮಗೂಗೆ ಬನ್ನು ಕೊಡ್ಬೇಡ. ಚಪಾತೀನೂ ಬೇಡ. ನಿಮ್ಮೂರು ರೊಟ್ಟಿ ಇದ್ಯಲ್ಲ, ಅದು ಕೊಡು.”

“ಯಾಕ್ರೀ ಅಮ್ಮಾ, ನಮ್ಮಂಥೋರು ಬನ್ನು ತಿನಬಾರದೇನ್ರಿ?”

“ನೀನು ತಿನ್ನು, ಯಾರು ಬೇಡಾಂದ್ರು. ಮಗೂಗೆ ಬೇಡ ಅಂದೆ.”

ಯಾರೋ ಕಿಸಕ್ಕನೆ ನಕ್ಕರು. ಬಿಂದಿಗೆ ಎತ್ತಿಕೊಂಡು ಬಂದವಳು, ಆ ದಿನದಿಂದ ಹಟಕ್ಕೆ ಮಗಳಿಗೆ ಒಂದು ಬನ್ನು ಹೆಚ್ಚೇ ಕೊಟ್ಟೆ.  ಹೆತ್ತ ಕೈಯಿಂದಲೇ, ದಿನಕ್ಕೊಂದು, ಹೆಚ್ಚು...

ಈಸ್ಟರಿನ ಹಿಂದಿನ ದಿನ ಬೆಳಿಗ್ಗೆ ನಾನು ಅವರ ಅಡುಗೆಮನೆಯಲ್ಲಿ ಕೇಕಿಗೆ ಮೈದಾ ಜರಡಿ ಹಿಡಿಯುತ್ತಿದ್ದೆ. ಮೊಣಕೈವರೆಗೂ ಬಿಳಿ. ನೀರು ಕುಡಿಯಲು ವರಾಂಡಕ್ಕೆ ಬಂದರೆ ಅಲ್ಲಿ ಸ್ಟೂಲಿನ ಮೇಲೆ ಒಂದು ಸ್ಟೀಲ್ ತಟ್ಟೆ, ಮೇಲೆ ಒಗೆದ ಬಟ್ಟೆ ಮುಚ್ಚಿತ್ತು. ಏನಿರಬಹುದೆಂದು ಬಟ್ಟೆ ಎತ್ತಲು ಕೈ ಚಾಚಿದೆ.

“ಏಯ್, ಆ ಕೈ ಹಾಕ್ಬೇಡ. ಮುಟ್ಬೇಡ ಅದನ್ನ. ದೂರ ನಿಂತ್ಕೋ.”

ಓನರಮ್ಮ ಬಾಗಿಲಲ್ಲಿದ್ದರು. ನಾನು ಕೈ ಹಿಂದಕ್ಕೆಳೆದುಕೊಂಡೆ. ಅಷ್ಟರಲ್ಲಿ ಮಕ್ಕಳು ಬಂದವು. ಎಲ್ಲ ಮಕ್ಕಳಿಗೂ ಒಳಗಿನ ದೊಡ್ಡ ಟ್ರೇಯಿಂದ ಮೊಟ್ಟೆ ಕೊಟ್ಟರು. ನನ್ನ ಮಗಳೂ ಟ್ರೇಗೆ ಕೈ ಹಾಕಹೋದಳು. ಅವಳ ಕೈ ಹಿಡಿದು, “ಅದು ನಿನಗಲ್ಲ, ನಿಂದು ಬೇರೆ ಇಟ್ಟಿದೀನಿ” ಎಂದು ಸ್ಟೂಲಿನ ಹತ್ತಿರ ಕರೆತಂದರು. ತಟ್ಟೆಯಲ್ಲಿ ಒಂದೇ ಮೊಟ್ಟೆ. ಮೇಲೆ ಅವಳ ಹೆಸರು.

ನನ್ನ ಕಣ್ಣಿಗೆ ಆ ಮೊಟ್ಟೆ ಕಾಣಲಿಲ್ಲ. ನಮ್ಮೂರ ಚಹಾದಂಗಡಿ ಕಂಡಿತು. ಅಂಗಡಿಯ ಹೊರಗೋಡೆಯ ಗೂಡಿನಲ್ಲಿ ನಮ್ಮ ಓಣಿಯವರಿಗೆಂದು ಇಡುತ್ತಿದ್ದ ಕಿವಿ ಮುರಿದ ಕಪ್ಪುಗಳು ಕಂಡವು. ನಮ್ಮಪ್ಪ ಅದರಲ್ಲಿ ಚಹಾ ಕುಡಿದು, ತಾನೇ ತೊಳೆದು, ಮತ್ತೆ ಗೂಡಿನಲ್ಲಿ ಇಡುತ್ತಿದ್ದ. ಅಂಗಡಿಯವನು ಮೇಲಿನಿಂದ ಹೊಯ್ಯುತ್ತಿದ್ದ. ಅದನ್ನು ಬಿಟ್ಟು ಬಂದು, ಇಲ್ಲಿ ಯಾರೂ ಏನೂ ಕೇಳುವುದಿಲ್ಲ ಎಂದು ನಂಬಿ ಬದುಕಿದ್ದೆ. ಈಗ ನನ್ನ ಐದು ವರ್ಷದ ಕೂಸಿಗೆ ಬೇರೆ ತಟ್ಟೆ.

ಮಗಳ ಕೈಯಿಂದ ಮೊಟ್ಟೆ ಕಿತ್ತುಕೊಂಡು ಮೋರಿಗೆ ಎಸೆದೆ. ಒಡೆಯಿತು. ಹಸಿರು ಕೆನೆ ಹೊರಗೆ ಬಂತು, ವರಾಂಡವೆಲ್ಲ ಪೆಪ್ಪರ್‌ಮಿಂಟ್ ವಾಸನೆ.

“ಹೊಲಸು ನನ್ನ ಕೈಯಾಗಿಲ್ಲರೀ, ನಿಮ್ಮ ಕಣ್ಣಾಗ ಅದ. ಬ್ಯಾರೆ ತಟ್ಟಿ ನೋಡಿ ನೋಡಿ ಸಾಕಾಗೇ ಊರು ಬಿಟ್ಟು ಬಂದೀವಿ ನಾವು.”

ಓನರಮ್ಮ ಮೋರಿಯ ಕಡೆ ನೋಡಿದರು. ಆಮೇಲೆ, “ನಿನ್ ಕೈ ನೋಡಮ್ಮಾ ಮೊದ್ಲು, ಕೈ ನೋಡು” ಅಂದರು. ಅದೂ ಬೈಗುಳ ಎಂದುಕೊಂಡೆ. ನಾಲ್ಕೇ ದಿನದಲ್ಲಿ ಕೋಣೆ ಖಾಲಿ ಮಾಡಿ ಕೆ.ಆರ್. ಪುರದ ಕಡೆಗೆ ಹೋದೆವು. ಹೊರಡುವಾಗ ಅವರು ಗೇಟಿನ ಹತ್ತಿರ ಬಂದಿದ್ದರು. ನಾನು ತಿರುಗಿ ನೋಡಲಿಲ್ಲ.

ಮಗಳು ಕುಳ್ಳಗೆ, ಬಿಳಿಚಿಕೊಂಡೇ ಬೆಳೆದಳು. ಶಾಲೆಗೆ ಒಂದು ದಿನ ಹೋದರೆ ಎರಡು ದಿನ ಮಲಗುವಳು. ಮದುವೆಯಾದ ಮೇಲೆ ಎರಡು ಬಸಿರು ನಿಲ್ಲಲಿಲ್ಲ, ಎರಡನೆಯದು ಆರು ತಿಂಗಳು ತುಂಬಿದ್ದು. ಮೂರನೆಯದು ಈ ಮೊಮ್ಮಗಳು. ಅವಳೂ ಸೊರಗತೊಡಗಿದಾಗ ಮಕ್ಕಳ ಡಾಕ್ಟರಮ್ಮ ರಕ್ತ ತೆಗೆಸಿ ನೋಡಿ, ಗೋಧಿ ಈ ಮಗುವಿನ ಕರುಳಿಗೆ ಆಗುವುದಿಲ್ಲ ಅಂದರು. ತಾಯಿಯದೂ ನೋಡಿದರು, ಅವಳಿಗೂ ಅದೇ. ಬಸಿರು ನಿಲ್ಲದ್ದಕ್ಕೂ ಇದು ಕಾರಣ ಇದ್ದಿರಬಹುದು ಅಂದರು. ಆಮೇಲೆ ನನ್ನ ಕಡೆ ತಿರುಗಿ, “ಅಜ್ಜಿ, ಮಗೂಗೆ ತಟ್ಟೆ ಬೇರೆ ಇಡಿ. ಹಿಟ್ಟು ಮೆತ್ತಿದ ಕೈಯಲ್ಲಿ ಅವಳ ಊಟ ಮುಟ್ಬೇಡಿ” ಅಂದರು.

ಮೊಣಕೈವರೆಗೂ ಮೈದಾ ಮೆತ್ತಿದ್ದ ನನ್ನ ಕೈ, ಓನರಮ್ಮನ ಆ ಬೇರೆ ತಟ್ಟೆ ಎರಡೂ ನೆನಪಿಗೆ ಬಂದವು. ಆದರೂ ನಾನು ಆ ನೆನಪನ್ನು ಒಂದು ವರ್ಷ ಒತ್ತಿಟ್ಟೆ. ಭಾನುವಾರದ ಆ ವಾಸನೆ ಒತ್ತಿಡಲು ಬಿಡಲಿಲ್ಲ.

ಸೋಮವಾರ ಬೆಳಿಗ್ಗೆ ಬಸ್ಸು ಹತ್ತಿ ಹಲಸೂರಿಗೆ ಹೋದೆ. ಹೆಂಚಿನ ಮನೆಯೂ ಇಲ್ಲ, ಕೋಣೆಗಳೂ ಇಲ್ಲ, ನಾಲ್ಕು ಅಂತಸ್ತಿನ ಕಟ್ಟಡ ಇದೆ. ಓಣಿಯ ತಿರುವಿನಲ್ಲಿ ಇಸ್ತ್ರಿ ಗಾಡಿಯವನು ಮಾತ್ರ ಅವನೇ, ತಲೆ ಬೆಳ್ಳಗಾಗಿದೆ.

“ಕೇಕ್ ಆಂಟೀನಾ? ಅವರು ಹೋಗಿ ಎಷ್ಟೋ ವರ್ಷ ಆಯ್ತಲ್ಲಮ್ಮ. ಮಗಳು ಬಂದು ಮಣ್ಣು ಮಾಡಿ, ಮನೆ ಮಾರಿ ಹೋದ್ರು.”

“ಆ ಮಗಳಿಗಿ ಏನಾರ ಜಡ್ಡು ಇತ್ತೇನಪ್ಪ?”

“ಚಿಕ್ಕೋರಿದ್ದಾಗ ಬನ್ನು ತಿಂದ್ರೆ ವಾಂತಿ ಮಾಡ್ಕೊಳ್ಳೋರು. ಬನ್ನು ಮಾಡೋ ದಿನ ಆಂಟಿ ಆ ಹುಡುಗೀನ ಮನೇಲಿ ಇರೋಕ್ಕೇ ಬಿಡ್ತಿರ್ಲಿಲ್ಲ, ಅವರಕ್ಕನ ಮನೆಗೆ ಕಳಿಸ್ತಿದ್ರು. ನಮ್ಮನೆಯೋಳು ಹೇಳೋಳು, ಬೇಕರಿ ಮನೇಲಿ ಬನ್ನು ತಿನ್ನದ ಮಗು ಅಂತ.”

ಆ ಓಣಿಯಲ್ಲೇ ನಿಂತು ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಜಂತುಹುಳು ಎಂದು ಬರೆದುಕೊಟ್ಟವನ ಮೇಲೆ ಸಿಟ್ಟು. ಬೇರೆ ತಟ್ಟೆ ಎಂದರೆ ಒಂದೇ ಅರ್ಥ ಎಂದು ನನ್ನ ಕಣ್ಣಿಗೆ ಕಲಿಸಿಕೊಟ್ಟ ಆ ಚಹಾದಂಗಡಿಯ ಮೇಲೆ, ಅದನ್ನು ಹಾಗೆ ನಡೆಸಿಕೊಂಡು ಬಂದ ಊರಿನ ಮೇಲೆ ಸಿಟ್ಟು. ಊರಿನವರು ನಮ್ಮಪ್ಪನಿಗೆ ಮಾಡಿದ್ದು ಸಾಲದು ಎಂದು ನನ್ನ ಮಗಳ ಬಾಯಿಯವರೆಗೂ ಬಂದರು. ನನ್ನ ಮೇಲೆ ಎಷ್ಟು ಸಿಟ್ಟಿದೆ ಎಂದು ಬರೆಯುವಷ್ಟು ಅಕ್ಷರ ನನಗೆ ಬರುವುದಿಲ್ಲ. ಸತ್ತವರ ಮೇಲೆ ಸಿಟ್ಟು ಮಾಡಬಾರದು, ಆದರೂ ಓನರಮ್ಮನ ಮೇಲೂ ಇದೆ. ಎರಡನೇ ಕೋಣೆಯ ಹುಡುಗನ ಹೆಸರು ಗೇಲಿ ಮಾಡಲು ಹೊತ್ತಿತ್ತು ನಿಮಗೆ. ನನ್ನ ಮಗಳಿಗೂ ಹೀಗೇ ಆಗಿತ್ತು ಎಂಬ ಒಂದು ಮಾತು ಆಡಲಿಲ್ಲವಲ್ಲ, ತಾಯಿ... ನಾನು ಆಡಗೊಡಲಿಲ್ಲ ಎಂಬುದೂ ಗೊತ್ತು.

ಮನೆಗೆ ಬಂದು ಮಗಳಿಗೆ ಎಲ್ಲ ಹೇಳಿದೆ. ಇಷ್ಟು ವರ್ಷ ಅವಳಿಗೆ ಹೇಳಿದ್ದೇ ಬೇರೆ. ಓನರಮ್ಮ ಕೆಟ್ಟವರಿದ್ದರು, ನಮ್ಮನ್ನು ದೂರ ಇಟ್ಟಿದ್ದರು ಎಂದೇ ಹೇಳುತ್ತ ಬಂದಿದ್ದೆ. ಅವಳು ಅಕ್ಕಿ ಆರಿಸುತ್ತಿದ್ದಳು. ಕೈ ನಿಲ್ಲಿಸದೆ ಕೇಳಿದಳು. ಎಲ್ಲ ಮುಗಿದ ಮೇಲೆ ಮೊರ ಕೆಳಗಿಟ್ಟಳು.

“ಅವ್ವಾ, ಹಂಗಾದ್ರ ಮೊದಲಿನ ಎರಡೂ ಉಳೀತಿದ್ವೇನು?”

 ಗೊತ್ತಿಲ್ಲ ಎಂದೆ. ಅದು ನಿಜ. ಹಿತ್ತಲಿನಿಂದ ಮೊಮ್ಮಗಳು ಹಸಿವು, ಹಸಿವು ಎಂದು ಕೂಗುತ್ತ ಬಂದಳು. ಮಗಳು ಎದ್ದು ಹೋಗಿ ಅವಳಿಗೆ ಊಟ ಹಾಕಿದಳು. ನನ್ನನ್ನು ಊಟಕ್ಕೆ ಕರೆಯಲಿಲ್ಲ. ಅವಳು ನನ್ನನ್ನು ಅವ್ವಾ ಎಂದು ಕರೆದು ಇವತ್ತಿಗೆ ಮೂರು ದಿನ.