ಗಾಳಿಯಲ್ಲಿ ನಿಂತ ಬೌಲರ್

ಯುದ್ಧದ ಕಾಲ. ಫಿಲ್ಮ್ ರೋಲು ಹುಬ್ಬಳ್ಳಿಯಲ್ಲೂ ಸುಲಭವಾಗಿ ಸಿಗುತ್ತಿರಲಿಲ್ಲ. ನನ್ನ ಹೆಂಡತಿ ತವರಿನಿಂದ ತಂದ ಡಬ್ಬಿ ಕ್ಯಾಮೆರಾ ತಿಂಗಳುಗಟ್ಟಲೆ ಟ್ರಂಕಿನಲ್ಲೇ ಇರುತ್ತಿತ್ತು. ಫೋಟೋ ತೆಗೆಯುವುದನ್ನು ಆಕೆಗೆ ಕಲಿಸಿದವರು ಅವಳ ಅಪ್ಪ. ಗಂಗಾವತಿಯವರೊಂದಿಗೆ ನಮ್ಮ ಕೊಪ್ಪಳದ ಮಾಸ್ತರರ ಕ್ರಿಕೆಟ್ ಪಂದ್ಯ ನಿಗದಿಯಾದಾಗ, ಮಾವನವರೇ ಎಲ್ಲಿಂದಲೋ ಒಂದು ರೋಲು ಹೊಂದಿಸಿ ಕಳಿಸಿದರು. ನಾನು ಬ್ಯಾಟು ಬೀಸುವ ಫೋಟೋ ಬರುತ್ತದೆಂದು ಒಳಗೊಳಗೇ ಹಿಗ್ಗಿದ್ದೆ.

ಆಕೆ ಮಾತ್ರ ಬೇರೆಯೇ ಯೋಚಿಸಿದ್ದಳು. ಹಿಂದೊಮ್ಮೆ ನಾನು ಆಡುವಾಗ ತೆಗೆದದ್ದೆಲ್ಲ ಹೊಗೆಯಂತೆ ಬಂದಿತ್ತು. "ಈ ಡಬ್ಬಿ ಭಾಳ ನಿಧಾನ ಐತ್ರಿ. ಓಡೋದನ್ನ ಹಿಡಿಯಾಕ ಆಗಂಗಿಲ್ಲ. ಓಡಾವ ಎಲ್ಲಿ ಒಂದೀಟು ನಿಲ್ತಾನ ಅನ್ನೋದು ನೋಡಬೇಕು" ಅಂದಳು.

ಕೋಟೆ ಗುಡ್ಡದ ಕೆಳಗಿನ ಬಯಲಿನಲ್ಲಿ ಪಿಚ್ಚಿಗೆ ಚಾಪೆ ಹಾಸಿ ಆಟ ಶುರುವಾಯಿತು. ಗಂಗಾವತಿಯ ವೇಗದ ಬೌಲರ್ ಅಲ್ಲಿನ ಕಚೇರಿಯ ಜವಾನ, ಉದ್ದನೆಯ ಹುಡುಗ. ಬರಿಗಾಲಲ್ಲಿ ಓಡಿ ಬಂದು, ಚೆಂಡು ಬಿಡುವ ಮುಂಚೆ ಎತ್ತರಕ್ಕೆ ಜಿಗಿಯುತ್ತಿದ್ದ. ಹೆಂಗಸರ ಗುಂಪಿನಲ್ಲಿ ಕೂತು ಬಹಳ ಹೊತ್ತು ಅವನನ್ನೇ ನೋಡುತ್ತಿದ್ದ ನನ್ನ ಹೆಂಡತಿ, ಸೆರಗು ಸೊಂಟಕ್ಕೆ ಸಿಗಿಸಿ, ಕ್ಯಾಮೆರಾ ಹಿಡಿದು ನೇರ ಮೈದಾನದೊಳಗೆ ನಡೆದುಬಂದಳು. ಆಟ ನಿಂತಿತು.

ಅಂಪೈರ್ ಆಗಿದ್ದವರು ನಮ್ಮ ಹೆಡ್ ಮಾಸ್ತರರು. "ಏನವ್ವಾ, ಚೆಂಡು ಬಡದ್ರ?"

"ತಪ್ಪಿಸ್ಕೊಂತೀನ್ರಿ. ದೂರದಿಂದ ತೆಗದ್ರ ಎಲ್ಲಾರೂ ಇರುವಿ ಕಂಡಂಗ ಕಾಣ್ತಾರ."

ಅವರು ನಕ್ಕು, ನಿಲ್ಲಲು ಜಾಗ ತೋರಿಸಿದರು. ಬಿಸಿಲಿಗೆ ಬೆನ್ನು ಮಾಡಿ, ಕ್ಯಾಮೆರಾ ಹೊಟ್ಟೆಗೊತ್ತಿ ನಿಂತಳು. ಚೆಂಡಿನ ಮೇಲೆ ಚೆಂಡು ಹೋದರೂ ಗುಂಡಿ ಒತ್ತಲಿಲ್ಲ. ಬ್ಯಾಟು ಹಿಡಿದು ಎದುರಿಗಿದ್ದವನು ನಾನೇ. ಆ ಹುಡುಗ ಮತ್ತೆ ಓಡಿ ಬಂದ, ಜಿಗಿದ. ನನ್ನ ಹಿಂದೆ ಸ್ಟಂಪು ಉರುಳಿದ ಸದ್ದು ಕೇಳಿಸಿತು. ತಿರುಗಿ ಬರುವಾಗ ಅವಳ ಮುಖ ನೋಡಿದೆ, ಅರಳಿತ್ತು.

"ಒತ್ತಿದೆ ರೀ!" ಅಂದಳು.

"ನಾನು ಔಟಾದೆ" ಅಂದೆ.

"ಹೌದಾ? ನಾ ನೋಡ್ಲಿಲ್ಲ."

ಆ ಸಂಜೆ ಊಟದವರೆಗೂ ನಾನು ಮುಖ ಊದಿಸಿಕೊಂಡಿದ್ದೆ. ಹುಬ್ಬಳ್ಳಿಯಿಂದ ಫೋಟೋ ಬಂದ ದಿನ ಆ ಬಿಗುಮಾನವೆಲ್ಲ ಇಳಿದುಹೋಯಿತು. ಹುಡುಗ ನೆಲ ಬಿಟ್ಟು ಗಾಳಿಯಲ್ಲಿ ನಿಂತಿದ್ದ. ಕೈ ಆಕಾಶಕ್ಕೆ, ಅಂಗಿಯ ಚುಂಗು ರೆಕ್ಕೆಯಂತೆ, ಕಾಲಡಿ ಅವನದೇ ನೆರಳು. ಮುಖ ಮಾತ್ರ ಪೂಜೆಗೆ ಕೂತವನಷ್ಟು ಶಾಂತ. ಅಷ್ಟು ಹತ್ತಿರದಿಂದ ಅವನ ಚೆಂಡು ಆಡಿದ ನನಗೆ ಇದ್ಯಾವುದೂ ಕಂಡಿರಲಿಲ್ಲ. ಆಕೆಯ ತಾಳ್ಮೆಗೆ, ಕಣ್ಣಿಗೆ "ಶಾಬಾಸ್" ಅಂದೆ.

ಸುದ್ದಿ ಗಂಗಾವತಿಗೂ ಹೋಯಿತು. ಕಚೇರಿ ಕೆಲಸಕ್ಕೆ ಕೊಪ್ಪಳಕ್ಕೆ ಬಂದ ಆ ಹುಡುಗ ನಮ್ಮ ಮನೆ ಹುಡುಕಿಕೊಂಡು ಬಂದ. ಫೋಟೋ ಕೈಗೆ ಕೊಟ್ಟಾಗ, ಅದರಲ್ಲಿ ತನ್ನ ಕಾಲಿಗೂ ನೆಲಕ್ಕೂ ನಡುವಿನ ಜಾಗದ ಮೇಲೆ ಬೆರಳಿಟ್ಟ.

"ಅಕ್ಕಾರ, ನಾ ಇಷ್ಟು ಮ್ಯಾಲ ಹೋಗ್ತೀನೇನ್ರಿ?"

"ಪ್ರತಿ ಸಲಾನೂ ಹೋಗ್ತೀಯಪ್ಪಾ. ನಿನಗ ಕಾಣಂಗಿಲ್ಲ, ಅಷ್ಟ."

ಇದ್ದದ್ದು ಅದೊಂದೇ ಪ್ರತಿ. ಆಕೆ ಅದನ್ನು ಅವನಿಗೇ ಕೊಟ್ಟಳು.

ಮುಂದೆ ಕುಷ್ಟಗಿಯವರು ನಮ್ಮನ್ನು ಆಟಕ್ಕೆ ಕರೆದರು. "ಫೋಟೋದ ಅಕ್ಕಾರನ್ನ ಬಿಟ್ಟು ಬರಬ್ಯಾಡ್ರಿ" ಎಂದು ಹೇಳಿಕಳಿಸಿದ್ದರು. ಪೆಟ್ರೋಲ್ ಸಿಗದ ಆ ಕಾಲದಲ್ಲಿ ಇದ್ದಿಲು ಗ್ಯಾಸಿನಿಂದ ಓಡುತ್ತಿದ್ದ ಬಸ್ಸಿನಲ್ಲಿ ಹೆಡ್ ಮಾಸ್ತರರು ಮುಂದಿನ ಸೀಟನ್ನು ಅವಳಿಗೆ ಬಿಟ್ಟುಕೊಟ್ಟರು. ನಾನು ಹಿಂದೆ, ಸುತ್ತಿಟ್ಟ ಚಾಪೆಯ ಮೇಲೆ ಕೂತು ಹೋದೆ.