ಹೊಳ್ಳಿ ಬರಾಗ ಬರ್ತೀನ್ರಿ

ನನ್ನ ಗಂಡ ಮೂರು ವಾರ ವಾಡಿ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನ ಮೇಲೆ ಉಪವಾಸ ನಿಂತಿದ್ದರು. ನಿಲ್ಲಿಸಿದವಳು ನಾನೇ.

ನಿಜವಾದ ಗಂಡ ರೈಲ್ವೆ ಕ್ವಾರ್ಟರ್ಸಿನಲ್ಲಿ ನನ್ನ ಎದುರೇ ಕುಳಿತು ಎರಡು ಹೊತ್ತೂ ರೊಟ್ಟಿ ಮುರಿಯುತ್ತಿದ್ದರು. ಉಪವಾಸವಿದ್ದದ್ದು ಕಂಪ್ಯೂಟರ್ ಆಟದೊಳಗಿನ ಗಂಡ. ಮಗಳ ಹಳೆಯ ಲ್ಯಾಪ್‌ಟಾಪ್ ಮನೆಯಲ್ಲಿ ಸುಮ್ಮನೆ ಬಿದ್ದಿತ್ತೆಂದು ನಾನು ವಿಡಿಯೋ ಗೇಮ್ ಮಾಡುವ ಆನ್‌ಲೈನ್ ಕೋರ್ಸಿಗೆ ಸೇರಿದ್ದೆ. ಅದಕ್ಕೂ ಮೊದಲು ಹೊಲಿಗೆ ಕ್ಲಾಸು ಅರ್ಧಕ್ಕೆ ಬಿಟ್ಟಿದ್ದೆ, ಟೈಪಿಂಗ್ ಕ್ಲಾಸನ್ನೂ ಬಿಟ್ಟಿದ್ದೆ. ಇದೊಂದನ್ನಾದರೂ ಮುಗಿಸಿ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗಹಾಕಬೇಕೆಂಬ ಹಟ ನನ್ನದು.

"ನೀ ತಗೊಂಡ್ ಬಾ, ಮೊಳಿ ನಾ ಹೊಡೀತೀನಿ" ಎಂದಿದ್ದರು ಗಂಡ. ಆ ಮಾತಿನಲ್ಲಿದ್ದ ನಗೆ ನನಗೆ ಕಾಣಲಿಲ್ಲವೆಂದು ತಿಳಿದಿದ್ದರು.

ಕೋರ್ಸಿನವರು ಒಂದೊಂದು ಸೀಮೆಯ ವಿದ್ಯಾರ್ಥಿಗಳನ್ನು ಒಂದೊಂದು ಗುಂಪು ಮಾಡಿ, ಊರವರನ್ನೂ ಸೇರಿಸಿಕೊಂಡು ಒಂದು ಆಟ ಕಟ್ಟಿರಿ ಎಂದರು. ನಾವು ಐದು ಜನ. ಒಬ್ಬರ ಮುಖ ಒಬ್ಬರು ಕಂಡವರಲ್ಲ, ಊರ ಹೆಸರೇ ಎಲ್ಲರ ಹೆಸರಾಯಿತು. ಆಟ ಸರಳ: ಚಿಂಚೋಳಿಯಲ್ಲಿ ಒಬ್ಬ ಊಟದ ಡಬ್ಬಿ ಹಿಡಿದು ಹೊರಡುತ್ತಾನೆ, ಸೇಡಂ, ಚಿತ್ತಾಪುರ ದಾಟಿ ಬರುತ್ತಾನೆ, ಮಧ್ಯಾಹ್ನ ಒಂದು ಗಂಟೆಯೊಳಗೆ ವಾಡಿ ಪ್ಲಾಟ್‌ಫಾರ್ಮಿನ ಮೇಲೆ ಕಾಯುತ್ತಿರುವ ನನ್ನ ಗಂಡನಿಗೆ ಅದನ್ನು ಮುಟ್ಟಿಸುತ್ತಾನೆ. ಯಾರ ಊರನ್ನು ಅವರೇ ಕಟ್ಟಬೇಕು. ಶಹಾಬಾದ್ ವಾಡಿಯ ಆಚೆಗಿದೆ, ದಾರಿಯಲ್ಲಿ ಬರುವುದಿಲ್ಲ. ಹಾಗಾಗಿ ಶಹಾಬಾದಿನ ಚಾಚಾನಿಗೆ ನಾಲ್ಕೂ ಊರಿನ ನೆಲದ ಕೆಲಸ ಕೊಟ್ಟೆವು. ಕಲ್ಲಿನ ವ್ಯಾಪಾರ ಮಾಡಿದ ಜೀವ. ನನ್ನ ಪ್ಲಾಟ್‌ಫಾರ್ಮಿಗೆ ಹಾಸಿದ ಫರಸಿ ಕಲ್ಲಿನ ಸಂದು ಒಂದು ಕಡೆ ಕೂಡಲಿಲ್ಲವೆಂದು ಎರಡು ಸಲ ಕಿತ್ತು ಹಾಸಿದರು.

ಪ್ಲಾಟ್‌ಫಾರ್ಮಿನ ಉಳಿದದ್ದೆಲ್ಲ ನನ್ನದು. ಕಂಬ, ಗಡಿಯಾರ, ನೀರಿನ ನಲ್ಲಿ, ಬೆಂಚಿನ ಕೆಳಗೆ ಮಲಗಿದ ನಾಯಿ. ನಾಯಿ ಉಸಿರಾಡುವಂತೆ ಮಾಡಲಿಕ್ಕೇ ಒಂದು ವಾರ ಹಿಡಿಯಿತು.

ನಾಲ್ಕು ಊರನ್ನೂ ಜೋಡಿಸಿ ಆಡಿದ ದಿನ ಗೊತ್ತಾಯಿತು, ವಾಡಿಗೆ ಯಾರೂ ಬಂದು ಮುಟ್ಟುವುದೇ ಇಲ್ಲ.

ಕಾರಣ ಚಹಾ. ಎಲ್ಲರೂ ತಮ್ಮ ತಮ್ಮ ಮನೆಯವರನ್ನು ಆಟದ ಮನೆಗಳ ಬಾಗಿಲಲ್ಲಿ ಕೂಡಿಸಿ ದನಿ ಕೊಡಿಸಿದ್ದರು. ಚಿಂಚೋಳಿಯ ಹುಡುಗಿ ತನ್ನ ಆಯಿಯನ್ನು, ಅಂದರೆ ಅಜ್ಜಿಯನ್ನು, ಕೂಡಿಸಿದ್ದಳು. "ಬಾರಪ್ಪಾ, ಚಾ ಕುಡ್ದು ಹೋಗು" ಎಂದು ಆಯಿ ಕರೆದರೆ ಕುಡಿದೇ ಹೋಗಬೇಕು. ಸೇಡಮ್ಮಿನಲ್ಲಿ ಮೂರು ಮನೆ, ಮೂರು ಕಪ್ಪು. ಚಿತ್ತಾಪುರದಲ್ಲಿ ಒಬ್ಬ ಅತ್ತೆ ಚಹಾ ಕೊಡುವ ಮೊದಲು ಯಾರ ಪೈಕಿ, ಮನೆಯಲ್ಲಿ ಎಷ್ಟು ಜನ, ಲಗ್ನ ಆಗಿದೆಯೋ ಇಲ್ಲವೋ ಎಲ್ಲ ಕೇಳುತ್ತಿದ್ದಳು. ಅಷ್ಟರಲ್ಲಿ ಒಂದು ಗಂಟೆ ಬಡಿಯುತ್ತಿತ್ತು. ಒಲ್ಲೆ ಅನ್ನುವ ಗುಂಡಿಯನ್ನು ನಾವು ಯಾರೂ ಇಟ್ಟಿರಲಿಲ್ಲ. ಚಹಾ ಒಲ್ಲೆ ಅಂದವರನ್ನು ನಾವು ನೋಡಿದ್ದರಲ್ಲವೇ ಇಡುವುದು!

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಚಹಾ ಅಷ್ಟೂ ತೆಗೆಯಿರಿ ಎಂದು ಗುಂಪಿನಲ್ಲಿ ಬರೆದೆ. "ನಮ್ಮ ಅತ್ತಿನ ಹ್ಯಾಂಗ್ ತೆಗೀಲಿ? ಊರಿಗೆಲ್ಲ ಹೇಳ್ಕೊಂಡು ಬಂದಾಳ" ಎಂದರು ಚಿತ್ತಾಪುರದವರು.

ಇತ್ತ ಗಂಡ ಡ್ಯೂಟಿ ಮುಗಿಸಿ ಬಂದು ಚಪ್ಪಲಿ ಬಿಡುವ ಮೊದಲೇ ಕೇಳುತ್ತಿದ್ದರು, "ಇವತ್ತರ ನಾ ಉಂಡೇನು?"

"ಇನ್ನಾ ಇಲ್ರಿ. ಡಬ್ಬಿ ಚಿತ್ತಾಪುರದಾಗೇ ಅದ."

ಒಂದು ದಿನ ನನ್ನ ಕಂಬ, ಗಡಿಯಾರ, ನಾಯಿ ಎಲ್ಲ ನೋಡಿ, "ಹೊಟ್ಟಿಗಿ ಹಿಟ್ಟಿಲ್ಲ, ಜುಟ್ಟಿಗಿ ಮಲ್ಲಿಗಿ ಹೂವ" ಅಂದರು. ನಗಲಿಕ್ಕೆ ಹೋದೆ, ಅಳು ಬಂತು. ಇದೂ ಅರ್ಧಕ್ಕೇ ನಿಂತಿತು ಅನ್ನಿಸಿತು.

ದಾರಿ ತೋರಿಸಿದವರು ಚಾಚಾ. ಫೋನ್ ಮಾಡಿ, "ಒಲ್ಲೆ ಅಂತ ಯಾರರ ಅಂತಾರೇನಮ್ಮಾ? ಹೊಳ್ಳಿ ಬರಾಗ ಬರ್ತೀನ್ರಿ ಅಂತಾರ. ಆ ಗುಂಡಿ ಇಡ್ರಿ" ಅಂದರು. ಇಟ್ಟೆವು. ಡಬ್ಬಿ ಹನ್ನೆರಡೂ ಮುಕ್ಕಾಲಿಗೆ ವಾಡಿಗೆ ಬಂತು. ಆಟದ ಗಂಡ ಉಂಡರು. ನಿಜವಾದ ಗಂಡ ಮೊಳೆ ಹುಡುಕಲು ಎದ್ದರು.

ನಾವು ಕಳಿಸಿದ ಆಟ ನೋಡಿದ ಪರೀಕ್ಷಕರು ಮೈಸೂರು ಕಡೆಯವರು. ಅವರ ಉತ್ತರದಲ್ಲಿ ನನ್ನ ನಾಯಿಯ ಬಗ್ಗೆ ಒಂದಕ್ಷರ ಇರಲಿಲ್ಲ. "ಹಿಂತಿರುಗುವಾಗ ಬರುತ್ತೇನೆ ಎಂದು ಎಲ್ಲರಿಗೂ ಹೇಳಿ ಬಂದಿದ್ದೇನೆ. ಪಾಪ, ಆ ಅಜ್ಜಿ ಕಾಯುತ್ತಿರುತ್ತಾರೆ. ಹಿಂತಿರುಗುವ ದಾರಿ ಎಲ್ಲಿದೆ? ಅದನ್ನು ಮಾಡಿ ಕಳುಹಿಸಿ, ಆಮೇಲೆ ಸರ್ಟಿಫಿಕೇಟ್" ಎಂದು ಬರೆದಿದ್ದರು.

ದಾರಿ ನಾನು ಮಾಡಿದೆ. ಹೊಳ್ಳಿ ಬಂದವನಿಗೆ ಆಡುವ ಮಾತನ್ನು ಮನೆಮನೆಯವರು ಮತ್ತೆ ರೆಕಾರ್ಡ್ ಮಾಡಿ ಕಳಿಸಿದರು. ಚಿಂಚೋಳಿಯ ಆಯಿ ಮಾತ್ರ ಒಲ್ಲೆ ಎಂದು ಕುಳಿತಳಂತೆ. ನಾನು ಫೋನ್ ಮಾಡಿದಾಗ ಹುಡುಗಿ ಅದನ್ನು ಅವಳ ಕೈಗೇ ಕೊಟ್ಟಳು.

"ಬಂದವರಿಗಿ ಬಂದ್ಯಾ ಅಂತೀನಿ. ಬರದವರಿಗಿ ಏನಂತ ಅನ್ಲಿ?" ಅಂದಳು ಆಯಿ. "ನೀನೇ ಅಂದಿದ್ಯಲ್ಲವ್ವಾ, ಚಾ ಕುಡೀಲಿಕ್ಕೆ ಬರ್ತೀನಿ ಆಯಿ ಅಂತ. ಬಂದ್ಯೇನು?"

ಹೌದು, ಮೊದಲ ಸಲ ಆಯಿ ದನಿ ಕೊಟ್ಟಾಗ ಫೋನಿನಲ್ಲಿ ಹಾಗೆ ಅಂದಿದ್ದೆ. ಆ ಗುಂಡಿ ಆಟಕ್ಕೆ ಬರುವುದಕ್ಕೆ ಎಷ್ಟೋ ಮೊದಲೇ ನಾನು ಅದನ್ನು ಒತ್ತಿದ್ದೆ. ನಾಚಿಕೆಯಾಯಿತು.

ಗಂಡನ ರಜೆಯ ದಿನ ಇಬ್ಬರೂ ಹೊರಟೆವು. ಸೇಡಮ್ಮಿನಲ್ಲಿ ಬಸ್ಸು ತಡವೆಂದು ಅವರು ಹೋಟೆಲಿನಲ್ಲಿ ಹೊಟ್ಟೆ ಬಿರಿಯುವಂತೆ ಪೂರಿ ತಿಂದರು. ಚಿಂಚೋಳಿಯಲ್ಲಿ ಮನೆ ಹುಡುಕಿ ಬಾಗಿಲಿಗೆ ಹೋದರೆ ಆಯಿ ನನ್ನ ಕಡೆ ನೋಡಲೂ ಇಲ್ಲ. ನೇರ ಹೋಗಿ ಇವರ ಕೈ ಹಿಡಿದಳು.

"ವಾಡಿಯವ ನೀನೇ ಏನಪ್ಪಾ? ಅಷ್ಟು ದಿನ ಹಸ್ಕೊಂಡು ನಿಂತಿದ್ಯಂತ. ಕುಂದ್ರು, ಮೊದ್ಲು ಉಣ್ಣು."

ಗಂಡ ನನ್ನ ಮುಖ ನೋಡಿದರು, ಕುಳಿತರು. ಬಿಸಿ ರೊಟ್ಟಿ, ಪುಂಡಿಪಲ್ಯ ತಾಟಿಗೆ ಬಿತ್ತು. ಕೆಣಕಿ ಕೆಣಕಿ ನನ್ನನ್ನು ಅಳಿಸಿದ ಮನುಷ್ಯ, ಪೂರಿ ಗಂಟಲವರೆಗೆ ಇದ್ದರೂ, ಆ ಮುದುಕಿಯ ಎದುರು ಹಸಿದವರಂತೆ ಉಂಡರು. ಮದುವೆಯಾಗಿ ಇಷ್ಟು ವರ್ಷಕ್ಕೆ ಅಂದಿನಷ್ಟು ಅವರು ನನಗೆ ಎಂದೂ ಹಿಡಿಸಿರಲಿಲ್ಲ.

ಹುಡುಗಿ ಪಕ್ಕದಲ್ಲಿ ಫೋನ್ ಹಿಡಿದು ಎಲ್ಲವನ್ನೂ ರೆಕಾರ್ಡ್ ಮಾಡಿಕೊಂಡಿದ್ದಳು. ಆಟದಲ್ಲಿ ಈಗ ಅದೇ ಇದೆ. ಚಿಂಚೋಳಿಗೆ ಹೊಳ್ಳಿ ಬಂದವರಿಗೆ ಆಯಿಯ ದನಿ ಕೇಳುತ್ತದೆ, ತಾಟು ಇಟ್ಟ ಸದ್ದು ಕೇಳುತ್ತದೆ, ಆಮೇಲೆ ಒಬ್ಬ ಗಂಡಸು ಸಣ್ಣ ದನಿಯಲ್ಲಿ, "ಇನ್ನೊಂದು ಹಾಕು ಆಯಿ" ಅನ್ನುತ್ತಾನೆ.