ನೊಣದ ತೂಕದ ವಾದ

ತೂಕದ ಯಂತ್ರ ಹತ್ತಿದೊಡನೆ ಮನುಷ್ಯ ಉಸಿರು ಬಿಗಿಹಿಡಿಯುವುದೇಕೆ ಎಂಬುದು ನನಗಿನ್ನೂ ಬಗೆಹರಿದಿಲ್ಲ. ಸ್ಥೂಲಕಾಯರು ಮುಳ್ಳು ಒಂದಿಷ್ಟು ಹಿಂದೆ ಸರಿಯಲಿ ಎಂದು ಹಿಡಿಯುತ್ತಾರೇನೋ. ನನ್ನಂಥ ಕೃಶಾಂಗರು ಒಳಗಿನ ಗಾಳಿಯಾದರೂ ಲೆಕ್ಕಕ್ಕೆ ಬರಲಿ ಎಂದು ಹಿಡಿಯುತ್ತೇವೆ. ಕಾಲೇಜಿನಲ್ಲಿ ನಾನು ಬಾಕ್ಸಿಂಗ್ ಆಡುತ್ತಿದ್ದೆ ಎಂದರೆ ನೀವು ನನ್ನ ಮಣಿಕಟ್ಟನ್ನೊಮ್ಮೆ ನೋಡಿ, ಸಭ್ಯರಾದ್ದರಿಂದ, ಮಾತು ಬದಲಿಸುತ್ತೀರಿ. ಆದರೂ ಆಡುತ್ತಿದ್ದೆ, ಚೆನ್ನಾಗಿಯೇ ಆಡುತ್ತಿದ್ದೆ. ನನ್ನದು ಐವತ್ತು ಕಿಲೋ ಮುಟ್ಟದವರ ವರ್ಗ. ಇಂಗ್ಲಿಷಿನವರು ಅದಕ್ಕೆ ‘ಫ್ಲೈವೇಟ್’ ಎಂದು ನೊಣದ ಹೆಸರಿಟ್ಟು ತಮ್ಮ ಸೌಜನ್ಯ ಮೆರೆದಿದ್ದಾರೆ.

ಕೊನೆಯ ವರ್ಷದ ಪಂದ್ಯಾವಳಿಯಲ್ಲಿ ನಾಲ್ವರನ್ನು ಸೋಲಿಸಿ ನನ್ನ ವರ್ಗವನ್ನು ನಾನು ಗೆದ್ದೆ. ಅತಿ ಭಾರದ ವರ್ಗವನ್ನು ನನ್ನ ಹಾಸ್ಟೆಲಿನ ಗೆಳೆಯ, ಗುಡೇಮಾರನಹಳ್ಳಿಯ ಹೊನ್ನೇಗೌಡ ಗೆದ್ದ. ಎಲ್ಲ ವರ್ಗಗಳಿಗೂ ಸೇರಿ ಶ್ರೇಷ್ಠನೊಬ್ಬನಿಗೆ ಕೊಡುವ ಒಂದೇ ಒಂದು ಕಪ್ ಇತ್ತು. ಮುಖ್ಯ ಅತಿಥಿಗಳು ಹೊನ್ನೇಗೌಡನ ಎದೆಯ ಅಗಲ ನೋಡಿ ಅದನ್ನು ಅವನಿಗೇ ಕೊಟ್ಟರು. ಅಂದಿನಿಂದ, ಇಬ್ಬರಿಗೂ ಮೊಮ್ಮಕ್ಕಳಾದ ಈ ನಲವತ್ತು ವರ್ಷ, ಜಗತ್ತು ಕಂಡ ಬಾಕ್ಸರುಗಳಲ್ಲಿ ಸರ್ವಶ್ರೇಷ್ಠ ಯಾರೆಂದು ನಾವು ಜಗಳವಾಡುತ್ತಲೇ ಬಂದಿದ್ದೇವೆ. ವಾದ ವಿಶ್ವದ್ದಾದರೂ ಹೊಟ್ಟೆಯುರಿ ಆ ಕಪ್ಪಿನದೇ ಎಂಬುದನ್ನು ನಿಮ್ಮಿಂದ ಮುಚ್ಚಿಡಲಾರೆ.

ನಾನು ರಾಮನಗರದಲ್ಲಿ ನೆಲೆಸಿದ ನಿವೃತ್ತ ಮೇಷ್ಟ್ರು, ಹೊನ್ನೇಗೌಡ ಈಗ ರೇಷ್ಮೆ ಬೆಳೆಗಾರ. ಅವನು ಇಲ್ಲಿನ ಮಾರುಕಟ್ಟೆಗೆ ಗೂಡು ತಂದ ದಿನ, ಹರಾಜು ಮುಗಿದ ಮೇಲೆ, ನೂಲು ತೆಗೆಯುವ ನಯಾಜ್ ಸಾಬರ ಶೆಡ್ಡಿನ ಮುಂದಿನ ಕಲ್ಲುಬೆಂಚೇ ನಮ್ಮ ವಾದರಂಗ. ಹಗುರದವರ ಕಾಲ್ಚಳಕ, ಕೈಚಳಕ, ಹದಿನೈದು ಸುತ್ತಾದರೂ ಕುಂದದ ದಮ್ಮು ಇವನ್ನೆಲ್ಲ ನಾನು ಸವಿಸ್ತಾರವಾಗಿ ಪ್ರತಿಪಾದಿಸುತ್ತೇನೆ. ಅವನದು ಒಂದೇ ಉತ್ತರ.

"ಲೇ, ನಿನ್ ಚಾಂಪಿಯನ್ನ ನನ್ ಚಾಂಪಿಯನ್ ಮುಂದೆ ನಿಲ್ಸು. ಒಂದೇಟಿಗೆ ಮಾಗಡಿಗೋಗಿ ಬೀಳ್ತಾನೆ ಕಣ್ಲಾ."

ಮೂರು ನಾಲ್ಕು ತೂಕಗಳ ಮೆಟ್ಟಿಲೇರಿ, ಏರಿದಲ್ಲೆಲ್ಲ ಪಟ್ಟ ಗೆದ್ದ ಸಣ್ಣ ದೇಹದ ಮಹಾಶಯರನ್ನು ನಾನು ಮುಂದೊಡ್ಡಿದರೆ, "ಮೇಲಕ್ಕೋಗವ್ನೆ ಅಂದ್ಮೇಲೆ ಮೇಲಿರೋದೇ ದೊಡ್ಡದು ಅಂತ ಅವ್ನೇ ಒಪ್ಕೊಂಡಂಗಾಯ್ತಲ್ಲ" ಎನ್ನುತ್ತಾನೆ. ನಾನು ಮತ್ತೆ ಕಾಲ್ಚಳಕದಿಂದ ಶುರು ಮಾಡುತ್ತೇನೆ.

ಮೊನ್ನೆ ನಯಾಜ್ ಸಾಬರು ಮೊದಲ ಬಾರಿಗೆ ಬಾಯಿ ಹಾಕಿದರು. ಬುಟ್ಟಿಯಿಂದ ಒಂದು ಗೂಡೆತ್ತಿ ಎರಡು ಬೆರಳಲ್ಲಿ ಒತ್ತಿ ನೋಡುತ್ತ ಹೇಳಿದರು:

"ಮೇಷ್ಟ್ರೇ, ಗೌಡ್ರೇ, ನಾವು ಮೂಟೆ ಎಷ್ಟು ದೊಡ್ಡದು ಅಂತ ನೋಡಿ ಗೂಡು ತಗೊಳ್ಳಲ್ಲ. ಒಂದು ಕಿಲೋ ನೂಲಿಗೆ ಎಷ್ಟು ಕಿಲೋ ಗೂಡು ಬೇಕು, ಅದು ನೋಡ್ತೀವಿ. ಆರಕ್ಕೆ ಬಂದ್ರೆ ಒಳ್ಳೇದು, ಎಂಟಾದ್ರೆ ಸುಮಾರು. ನಿಮ್ಮ ಪೈಲ್ವಾನರಿಗೂ ಅದೇ ಲೆಕ್ಕ ಹಾಕಿ."

ಕ್ರೀಡಾಪಂಡಿತರು ಪುಟಗಟ್ಟಲೆ ಬರೆದೂ ಮುಗಿಸದ ವ್ಯಾಜ್ಯವನ್ನು ಈ ಮನುಷ್ಯ ಎರಡು ಬೆರಳಲ್ಲಿ ತೀರ್ಮಾನಿಸಿದ್ದರು. ತೂಕವಲ್ಲ, ಆ ತೂಕದಿಂದ ಹೊರಟ ನೂಲು. ನಾನು ಹಿಗ್ಗಿಹೋದೆ. ಹಿಗ್ಗಿನಲ್ಲಿ, ಸ್ನೇಹಕ್ಕಾಗಿ ಇಷ್ಟು ವರ್ಷ ಬತ್ತಳಿಕೆಯಲ್ಲೇ ಇಟ್ಟುಕೊಂಡಿದ್ದ ಬಾಣವನ್ನೂ ಬಿಟ್ಟುಬಿಟ್ಟೆ: ಐವತ್ತು ಕಿಲೋ ಇಲ್ಲದ ನಾನು ನಾಲ್ವರನ್ನು ಸೋಲಿಸಿದೆ, ನೂರು ಕಿಲೋದ ನೀನು ಎಷ್ಟು ಜನರನ್ನು ಸೋಲಿಸಿದೆ, ಹೇಳು. ಉತ್ತರ ನನಗೆ ಗೊತ್ತಿತ್ತು. ಆ ವರ್ಷ ಅವನ ತೂಕದ ಇನ್ನೊಬ್ಬ ಸ್ಪರ್ಧಿಯೇ ಇರಲಿಲ್ಲ.

ಹೊನ್ನೇಗೌಡ ಟೀ ಲೋಟವನ್ನು ಬೆಂಚಿನ ಮೇಲಿಟ್ಟ.

"ಒಬ್ಬನೂ ಇಲ್ಲ," ಎಂದ. "ಮೂರು ದಿನ ಗ್ಲೌಸ್ ಕಟ್ಕೊಂಡು ಕುಂತಿದ್ದೆ, ಯಾವನಾದ್ರೂ ಬತ್ತಾನೆ ಅಂತ. ನೀನು ದಿನಾ ಮೂಗಲ್ಲಿ ರಕ್ತ ಸುರಿಸ್ಕೊಂಡು ನಗ್ತಾ ರೂಮಿಗೆ ಬತ್ತಿದ್ದೆ. ಹೊಟ್ಟೆ ಉರ್ದೋಗೋದು ಕಣ್ಲಾ. ಆ ಕಪ್ಪ ಊರಿಗೋಗಿ ಅಟ್ಟಕ್ಕೆ ಹಾಕ್ದೋನು ಮತ್ತೆ ಇಳ್ಸಿಲ್ಲ."

ನಲವತ್ತು ವರ್ಷ ಕಾದಿದ್ದ ಗೆಲುವು ಕೈಗೆ ಬಂದಿತ್ತು, ನನಗೆ ನಾಚಿಕೆಯಾಯಿತು. ನನ್ನ ಅಭಿಪ್ರಾಯವೇನೂ ಬದಲಾಗಿಲ್ಲ. ಹಗುರದವರೇ ಶ್ರೇಷ್ಠರು, ಯಾರೊಂದಿಗೆ ಬೇಕಾದರೂ ವಾದಿಸುತ್ತೇನೆ. ಆದರೆ ಹೊಟ್ಟೆಯುರಿ ನನ್ನೊಬ್ಬನ ಸ್ವತ್ತೆಂದು ತಿಳಿದಿದ್ದೆನಲ್ಲ, ಅದು ತಪ್ಪು.

"ಏಳ್ಲಾ," ಎಂದ ಹೊನ್ನೇಗೌಡ, ಪಂಚೆ ಎತ್ತಿ ಕಟ್ಟುತ್ತ. "ಒಂದು ಹೊಡಿ."

ನಯಾಜ್ ಸಾಬರು ಟೀ ಲೋಟಗಳನ್ನು ಪಕ್ಕಕ್ಕಿಟ್ಟು, ನನ್ನ ಕನ್ನಡಕಕ್ಕಾಗಿ ಕೈಚಾಚಿದರು. ಎದ್ದು ನಿಂತೆ. ಎಡಗಾಲು ತಾನಾಗಿ ಮುಂದೆ ಬಂತು. ಅವನ ಭುಜಕ್ಕೆ ಮೆಲ್ಲಗೆ ಒಂದು ಗುದ್ದಿದೆ.

"ಇಷ್ಟೇಯ? ಒಸಿ ಜೋರಾಗಿ ಹೊಡೀಲಾ."

ಈ ಸಲ ನಿಜವಾಗಿ ಹೊಡೆದೆ. ಹೊನ್ನೇಗೌಡ ಒಂದು ಹೆಜ್ಜೆ ಹಿಂದಕ್ಕೆ ಹೋದ. ಭುಜ ಉಜ್ಜಿಕೊಳ್ಳುತ್ತ ಅವನು ನಕ್ಕ ನಗು, ಕಪ್ ಕೈಗೆ ಬಂದ ದಿನ ಅವನ ಮುಖದಲ್ಲಿರಲಿಲ್ಲ.